ಊರೊಳಗೆ ಬಿಚ್ಚಿದ ಗಂಟು

ನಮ್ಮೂರಲ್ಲಿ ಹೊರಗಿನಿಂದ ಬಂದ ಗಂಟುಗಳನ್ನು ಬಿಚ್ಚುವ ಕೆಲಸ ನನ್ನ ಗಂಡನದಾಗಿತ್ತು. ಅವರ ಹೆಸರು ದ್ಯಾಮಣ್ಣ. ಹೆಸರು ಹಿಡಿದು ಕರೆದು ನನಗೆ ರೂಢಿಯಿಲ್ಲ, ಇಲ್ಲಿ ಒಮ್ಮೆ ಹೇಳಿಬಿಟ್ಟರೆ ಮುಂದೆ ನಮ್ಮವರು ಎಂದರೆ ಸಾಕಾಗುತ್ತದೆ. ಊರಿನ ದೊಡ್ಡ ಬಾಗಿಲು, ಅಂದರೆ ಅಗಸಿ ದಾಟಿದರೆ ಒಂದು ದಿಬ್ಬವಿದೆ. ಅದರ ಮೇಲೆ ಮೇಲ್ಛಾವಣಿ ಇಲ್ಲದ, ಬರೀ ನಾಲ್ಕು ಗೋಡೆಯ ಕಟ್ಟಡ. ಬಿಚ್ಚುಮನೆ ಎನ್ನುತ್ತೇವೆ. ಬೆಳಿಗ್ಗೆ ರೊಟ್ಟಿ ತಿಂದು ನಮ್ಮವರು ಅಲ್ಲಿಗೆ ಹೋಗುತ್ತಿದ್ದರು. ಮೊದಲು ಒಂದು ಮೂಲೆಯಲ್ಲಿ ಬೆಂಕಿ ಹಾಕಿ, ಆಮೇಲೆ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು, ಅದರ ಬಾಯಿಯನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದು ಒಂದೊಂದೇ ವಸ್ತುವನ್ನು ಬಲಗೈಗೆ ತೆಗೆದುಕೊಳ್ಳುತ್ತಿದ್ದರು. ಕಟ್ಟುವವರು ಪ್ರತಿ ವಸ್ತುವಿಗೂ ಅದರ ಜಾಗ ಹೇಳಿಯೇ ಗಂಟಿಗೆ ಹಾಕಿರುತ್ತಾರೆ. ಹೊರಗೆ ಬಂದ ಕೂಡಲೇ ಅದು ಆ ಜಾಗದ ಕಡೆ ಎಳೆಯುತ್ತದೆ. ತಂಗಿಯ ಮನೆಗೆಂದು ಬಂದ ತಂಬಿಗೆ ತಂಗಿಯ ಮನೆಯ ಕಡೆಗೇ ಎಳೆದರೆ ಸರಿ. ಬೇರೆ ಯಾರದೋ ಮನೆಯ ಕಡೆ, ಇಲ್ಲವೇ ಊರಬಾವಿಯ ಕಡೆ ಎಳೆದರೆ ನಮ್ಮವರು ಅದನ್ನು ಮುಷ್ಟಿ ಸಡಿಲಿಸದೆ ಒಯ್ದು ಬೆಂಕಿಗೆ ಹಾಕುತ್ತಿದ್ದರು. ಕಳಿಸಿದವರು ಯಾರು, ಎಷ್ಟು ಒಳ್ಳೆಯವರು ಎಂದು ಕೇಳುತ್ತಿರಲಿಲ್ಲ. ನಡುವೆ ಯಾರ ಯಾರ ಕೈ ದಾಟಿ ಬಂದಿದೆಯೋ ಯಾರಿಗೆ ಗೊತ್ತು ಎನ್ನುತ್ತಿದ್ದರು.

ಜಾಗವೆಂದರೆ ಒಂದಕ್ಕೇ. ಮೊದಲು ಅಲ್ಲಿದ್ದುದರ ಮೇಲೆ ಇನ್ನೊಂದು ಬಂದು ಕೂತಿತೆಂದರೆ ಮೊದಲಿನದು ಇಲ್ಲ. ಕೆಳಗೆ ಬಿದ್ದಿರುವುದಿಲ್ಲ, ಒಡೆದಿರುವುದಿಲ್ಲ, ಹುಡುಕಿದರೂ ಸಿಕ್ಕುವುದಿಲ್ಲ.

ಹೊರಗಿನ ಗಂಟನ್ನು ಊರೊಳಗೆ ಬಿಚ್ಚಬಾರದು ಎಂಬ ಕಟ್ಟಳೆ ನಮ್ಮತ್ತೆಯ ಕಾಲದ್ದು. ಆಗ ಒಬ್ಬ ಮುದುಕ ನಿಂಬೆಹಣ್ಣಿನಷ್ಟು ಗಂಟನ್ನು ತನ್ನ ಪಡಸಾಲೆಯಲ್ಲಿ ಕೂತು ಬಿಚ್ಚಿದನಂತೆ. ಒಳಗೆ ಅರಳೆ, ಅರಳೆಯ ನಡುವೆ ಸಣ್ಣ ಸಣ್ಣ ಗಂಟುಗಳು, ಅವು ತಾವಾಗಿಯೇ ಬಿಚ್ಚಿಕೊಂಡರೆ ಮತ್ತೆ ಅರಳೆ, ಮನೆ ತುಂಬುವವರೆಗೂ. ಜನ ಮಾಳಿಗೆ ಒಡೆದು ಇಳಿದು, ಅರಳೆಯನ್ನು ಬುಟ್ಟಿಗಟ್ಟಲೆ ಹೊರಗೆ ಹಾಕುತ್ತ ಹೋದರಂತೆ. ಮುದುಕ ಸಿಕ್ಕಾಗ ಅವನ ಬಾಯಿತುಂಬ ಅರಳೆಯಿತ್ತು ಎಂದು ಅತ್ತೆ ಹೇಳುತ್ತಿದ್ದರು. ಆ ಮನೆಯ ಗೋಡೆ ಈಗಲೂ ಹೊರಕ್ಕೆ ಉಬ್ಬಿಕೊಂಡೇ ಇದೆ.

ಕಾಶವ್ವ ನಮ್ಮ ಪಕ್ಕದ ಮನೆಯವಳು. ಎರಡೂ ಹಿತ್ತಿಲುಗಳ ನಡುವೆ ಮೊಣಕಾಲೆತ್ತರದ ಗೋಡೆ, ದಿನಕ್ಕೆ ಎಷ್ಟು ಸಲ ಅದನ್ನು ದಾಟುತ್ತಿದ್ದೆವೋ ನೆನಪಿಟ್ಟವರಿಲ್ಲ. ಅವಳ ಗಂಡ ಗದಿಗೆಪ್ಪ ಉಪ್ಪಿನ ಗಾಡಿಗಳ ಜೊತೆ ಹೋದವನು ತಿರುಗಿ ಬರಲಿಲ್ಲ. ಜೊತೆಗೆ ಹೋದವರೂ ಬರಲಿಲ್ಲವಾದ್ದರಿಂದ ಏನಾಯಿತೆಂದು ಕೇಳಲು ಜನ ಇರಲಿಲ್ಲ. ಮಕ್ಕಳಾಗಿರಲಿಲ್ಲ. ಅವಳು ಅವನ ಅಂಗಿಯನ್ನು ಅವನೇ ನೇತುಹಾಕಿ ಹೋದ ಗೂಟದಲ್ಲಿ, ಚಪ್ಪಲಿಯನ್ನು ಹೊಸ್ತಿಲ ಪಕ್ಕದಲ್ಲಿ, ಗಡ್ಡ ಹೆರೆಯುವ ಕನ್ನಡಿಯನ್ನು ಗೋಡೆಯ ಗೂಡಿನಂಥ ಮಾಡದಲ್ಲಿ ಹಾಗೇ ಇಟ್ಟಿದ್ದಳು. ಕಸ ಗುಡಿಸುವಾಗ ಚಪ್ಪಲಿ ಎತ್ತುತ್ತಿರಲಿಲ್ಲ, ಸುತ್ತ ಗುಡಿಸುತ್ತಿದ್ದಳು. ಗದಿಗೆಪ್ಪ ಮತ್ತು ನಮ್ಮವರು ಸಣ್ಣವರಿದ್ದಾಗಿನಿಂದ ಒಟ್ಟಿಗೆ ಬೆಳೆದವರು. ಅವನ ಮಾತು ಬಂದರೆ ನಮ್ಮವರು ಎದ್ದು ದನದ ಕೊಟ್ಟಿಗೆಗೆ ಹೋಗಿಬಿಡುತ್ತಿದ್ದರು.

ಆ ವರ್ಷ ಸುಗ್ಗಿಗೆ ಇನ್ನೂ ಸ್ವಲ್ಪ ದಿನ ಇರುವಾಗ ಗಾಡಿಯ ಮಲ್ಲೇಶಿ ಒಂದು ಗಂಟು ತಂದ. ಗದಿಗೆಪ್ಪ ಎಡಗೈಯವನು, ಅವನು ಹಾಕುವ ಗಂಟು ಎಲ್ಲರದಕ್ಕಿಂತ ತಿರುವುಮುರುವು ಇರುತ್ತಿತ್ತು. ಊರಲ್ಲಿ ಯಾರು ನೋಡಿದರೂ ಗುರುತು ಹಿಡಿಯುವಂಥದ್ದು. ಮಲ್ಲೇಶಿಗೂ ಗುರುತು ಸಿಕ್ಕಿತು. ಅದನ್ನು ಅವನು ದಿಬ್ಬದ ಮೇಲೆ ಇಳಿಸಬೇಕಿತ್ತು. ಆದರೆ ಹೆಣ್ಣುಮಗಳು ಇಷ್ಟು ವರ್ಷ ಕಾದಿದ್ದಾಳೆ, ಕೈಗೇ ಕೊಟ್ಟರೆ ಪುಣ್ಯ ಬರುತ್ತದೆ ಎಂದುಕೊಂಡು ಹುಲ್ಲಿನ ಕೆಳಗೆ ಮುಚ್ಚಿ ಅಗಸಿಯೊಳಗೆ ತಂದು ಕಾಶವ್ವನಿಗೆ ಕೊಟ್ಟ. ಇದನ್ನೆಲ್ಲ ಅವನೇ ಆಮೇಲೆ ಹಿರಿಯರ ಮುಂದೆ ಅಳುತ್ತ ಹೇಳಿದ.

ನಾನು ರೊಟ್ಟಿ ಬಡಿಯುತ್ತಿದ್ದೆ. ಗೋಡೆಯಾಚೆಯಿಂದ ಕಾಶವ್ವ ಕರೆದಳು.

"ಹೂವಕ್ಕಾ, ಬಾ ಇಲ್ಲೆ. ಅವರು ಬಂದಾರ ನೋಡು."

ಹಿಟ್ಟಿನ ಕೈಯಲ್ಲೇ ಓಡಿದೆ. ನಡುಮನೆಯಲ್ಲಿ ಕಾಶವ್ವ ಕಾಲು ಚಾಚಿ ಕೂತಿದ್ದಳು, ತೊಡೆಯ ಮೇಲೆ ಬಾಯಿ ತೆರೆದ ಗಂಟು. ನಾನು ಒಳಗೆ ಕಾಲಿಡುವಾಗ ಪಟ್ಟೆಪಟ್ಟೆಯ ಅಂಗಿಯೊಂದು ಗೂಟಕ್ಕೆ ಹೋಗಿ ತೂಗಿಕೊಂಡಿತು. ಗದಿಗೆಪ್ಪ ಹೊಲದಿಂದ ಬಂದು ಅಂಗಿ ಕಳಚಿ ಎಸೆಯುತ್ತಿದ್ದನಲ್ಲ, ಹಾಗೇ, ಒಂದು ತೋಳು ಒಳಮುಖವಾಗಿ. ಚಪ್ಪಲಿ ಹೊಸ್ತಿಲ ಪಕ್ಕಕ್ಕೆ ಹೋದವು. ಕನ್ನಡಿ ಮಾಡದಲ್ಲಿ ಕೂತು ಬಾಗಿಲ ಬೆಳಕನ್ನು ನನ್ನ ಮುಖಕ್ಕೆ ಹೊಡೆಯಿತು. ಕಂಬಳಿ ಮಂಚದ ಮೇಲೆ ಹಾಸಿಕೊಂಡಿತು. ಅವಳು ಏನು ಮಾಡಿದ್ದಾಳೆ ಎಂಬುದು ನನಗೆ ಗೊತ್ತಿತ್ತು, ಆದರೂ ಒಂದು ಗಳಿಗೆ ಸಂತೋಷವೇ ಆಯಿತು. ಯಾರೋ ಮನೆಯೊಳಗೆ ಓಡಾಡಿ ತನ್ನ ಸಾಮಾನು ಇಟ್ಟುಕೊಳ್ಳುತ್ತಿದ್ದಾರೆ, ನಮಗೆ ಮಾತ್ರ ಕಾಣುತ್ತಿಲ್ಲ ಎನಿಸುತ್ತಿತ್ತು. ದಿಬ್ಬದ ಮೇಲೆ ಬಿಚ್ಚಿದ ವಸ್ತುಗಳಿಗೆ ಈ ಜೀವ ಇರುವುದಿಲ್ಲ. ಅಲ್ಲಿ ಹೊತ್ತು ಕಳೆದ ಮೇಲೆ ಅವು ತಮ್ಮ ಜಾಗ ಮರೆತುಬಿಡುತ್ತವೆ, ನಾವೇ ಬುಟ್ಟಿಯಲ್ಲಿ ಹೊತ್ತು ತಂದು ಇಟ್ಟುಕೊಳ್ಳಬೇಕು.

"ಏನ್ ಮಾಡಿದಿ ಕಾಶವ್ವಾ," ಎಂದೆ.

"ದಿಬ್ಬದ ಮ್ಯಾಲೆ ಬಿಚ್ಚಿದ್ರ ಇವು ಬರೇ ಅರಿವಿ-ಬಟ್ಟಿ ಆಗ್ತಿದ್ವು, ಹೂವಕ್ಕಾ. ಇಲ್ಲೆ ಬಿಚ್ಚಿದ್ದಕ್ಕ ಅವರ ಕೈಲೇ ಇಟ್ಟಂಗ ಆತು."

ಆಗಲೇ ನನ್ನ ಕಿವಿಯ ಪಕ್ಕದಿಂದ ಏನೋ ಹಾದುಹೋಯಿತು. ಗುಬ್ಬಿಯಷ್ಟು ಇತ್ತು. ಗಂಟಿನಿಂದ ಹೊರಟದ್ದು ತನ್ನ ಜಾಗ ಮುಟ್ಟುವವರೆಗೆ ಅಷ್ಟೇ ಇರುತ್ತದೆ, ಮುಟ್ಟಿದ ಮೇಲೆಯೇ ಅದರ ಅಳತೆಗೆ ಬರುತ್ತದೆ. ಅದು ಕಿಟಕಿಯಿಂದ ಹೊರಗೆ ಹೋಯಿತು. ಅದರ ಹಿಂದೆಯೇ ಇನ್ನೊಂದು ಬಾಗಿಲಿನಿಂದ. ಕಾಶವ್ವ ಕಂಬಳಿಯ ಮೇಲೆ ಮುಖ ಇಟ್ಟುಕೊಂಡಿದ್ದಳು, ನೋಡಲಿಲ್ಲ. ನಾನು ಗಂಟನ್ನು ಕಸಿದು ಬಾಯಿ ಹಿಡಿದೆ. ಒಳಗೆ ಏನೂ ಉಳಿದಿರಲಿಲ್ಲ. ಬಟ್ಟೆ ಇನ್ನೂ ಬೆಚ್ಚಗಿತ್ತು.

ನೇರ ದಿಬ್ಬಕ್ಕೆ ಓಡಿ ಹೇಳಿದೆ. ನಮ್ಮವರು ಯಾಕೆ ಎಂದು ಕೇಳಲಿಲ್ಲ, ಬೈಯಲಿಲ್ಲ. ಯಾವ ಕಡೆ ಹೋದವು ಎಂದಷ್ಟೇ ಕೇಳಿದರು. ಕಿಟಕಿಯದ್ದು ಕುಂಬಾರ ಓಣಿಯ ಕಡೆ ಎಂದೆ. ಬಾಗಿಲಿನದ್ದು ಓಣಿಗೆ ಇಳಿದ ಮೇಲೆ ಎತ್ತ ತಿರುಗಿತೋ ಗೊತ್ತಿಲ್ಲ ಎಂದೆ. ಅವರು ಬೆಂಕಿಗೆ ನೀರು ಸುರಿದು ಇಳಿದು ಬಂದರು.

ಆ ದಿನ ಊರೆಲ್ಲ ಮನೆಯೊಳಗಿನ ಸಾಮಾನನ್ನು ಹೊರಗಿಟ್ಟು ನೋಡಿತು. ಇದು ನಮ್ಮದೇ ಕೊಡವೇ, ಇದು ನಮ್ಮದೇ ಒನಕೆಯೇ ಎಂದು ಜನ ತಮ್ಮ ವಸ್ತುಗಳನ್ನು ತಿರುಗಿಸಿ ತಿರುಗಿಸಿ ನೋಡುವುದನ್ನು ಕಂಡರೆ ಅಳು ಬರುತ್ತಿತ್ತು. ಎಷ್ಟೋ ವರ್ಷದಿಂದ ದಿನಾ ಮುಟ್ಟಿದ ಸೌಟಿನ ಹಿಡಿಯಲ್ಲಿ ಗೀರು ಇತ್ತೋ ಇಲ್ಲವೋ ಯಾರಿಗೂ ಖಾತ್ರಿಯಿರಲಿಲ್ಲ. ನಾನು ನಮ್ಮತ್ತೆಯ ಬೀಸುಕಲ್ಲಿನ ಮುಂದೆ ಕೂತು, ಇದು ಅದೇ ಹೌದೋ ಅಲ್ಲವೋ ಎಂದು ಹೊತ್ತು ಕಳೆದೆ. ಮರುದಿನ ಕುಂಬಾರ ಓಣಿಯ ಬಾವಿಯ ರಾಟೆ ಸಿಕ್ಕಿತು. ಅದು ಕಿರುಗುಟ್ಟುವುದು ನಮ್ಮ ಮನೆಗೂ ಕೇಳುತ್ತಿತ್ತು. ಈಗ ಸುಮ್ಮನೆ ತಿರುಗುತ್ತಿತ್ತು. ಎಣ್ಣೆ ಹಾಕಿದವರು ಯಾರೂ ಇರಲಿಲ್ಲ. ನಮ್ಮವರು ಅದನ್ನು ಇಳಿಸಿ ದಿಬ್ಬಕ್ಕೆ ಒಯ್ದು ಸುಟ್ಟರು. ಅದು ಉರಿಯುವಾಗ ಹಸಿ ಮಾಂಸದ ವಾಸನೆ ಬಂತೆಂದು ನೋಡಲು ಹೋದವರು ಹೇಳಿದರು. ಬಾವಿಯ ನೀರನ್ನು ಕೆಲವು ದಿನ ದನಗಳಿಗೂ ಕುಡಿಸಲಿಲ್ಲ.

ಎರಡನೆಯದು ಸಿಗಲಿಲ್ಲ. ನಮ್ಮವರು ಅಗಸಿಗೂ ಹೋಗಿ ಬಾಗಿಲಿನ ಹಿಂದೆ ಅಡ್ಡ ಹಾಕುವ ಮರದ ಅಗಳಿಯನ್ನು ಇಬ್ಬರಿಂದ ಎತ್ತಿಸಿ ನೋಡಿದ್ದರು. ಅದೇ ತೂಕ, ಅದೇ ಬಣ್ಣ, ಗೆದ್ದಲು ತಿಂದ ಕುಳಿಯೂ ಇದ್ದಲ್ಲೇ ಇತ್ತು. ಮತ್ತೆ ಅದರ ಕೊಂಡಿಗೆ ಇಟ್ಟು ಬಂದರು. ಬಾಗಿಲಿನಿಂದ ಹೋದದ್ದು ಗಂಟಿನ ಚಿಂದಿಯೇ ಇರಬೇಕು, ಗಾಳಿಗೆ ಹಾರಿತು ಎಂದು ಜನ ಸಮಾಧಾನ ಮಾಡಿಕೊಂಡರು. ಎಲ್ಲರೂ ತಮ್ಮ ತಮ್ಮ ಸಾಮಾನಿಗೆ ಸುಣ್ಣದ ಬೊಟ್ಟು ಇಟ್ಟರು. ಇನ್ನು ಮುಂದೆ ಬೊಟ್ಟಿಲ್ಲದ್ದು ಕಂಡರೆ ಅದು ನಮ್ಮದಲ್ಲ ಎಂದು ತಿಳಿಯಲಿಕ್ಕೆ. ನಾನೂ ಇಟ್ಟೆ. ನಾವು ಬೊಟ್ಟು ಇಟ್ಟದ್ದು ಆಗಲೇ ಬದಲಾಗಿಹೋದದ್ದಕ್ಕೆ ಇದ್ದರೂ ಇರಬಹುದು ಎಂದು ನಮ್ಮವರು ಒಮ್ಮೆ ಅಂದರು.

ಕಾಶವ್ವನನ್ನು ಹಿರಿಯರು ಕರೆಸಿ ಬೈದರು, ಅಷ್ಟಕ್ಕೇ ಬಿಟ್ಟರು. ಅವಳು ಆ ದಿನಗಳಲ್ಲಿ ಬಹಳ ಸುಖವಾಗಿದ್ದಳು ಎಂದು ಹೇಳಲೇಬೇಕು. ಕೂದಲಿಗೆ ಎಣ್ಣೆ ಹಚ್ಚಿಕೊಳ್ಳತೊಡಗಿದ್ದಳು. ಬದುಕಿದ್ದಾನೆ, ದಾರಿ ಸಿಕ್ಕಿದ ಕೂಡಲೇ ಬರುತ್ತಾನೆ, ಮುಂಚೆಯೇ ಸಾಮಾನು ಕಳಿಸಿದ್ದಾನೆ ಎನ್ನುತ್ತಿದ್ದಳು. ಯಾವ ಗೂಟ, ಯಾವ ಮಾಡ, ಎಲ್ಲ ನೆನಪಿಟ್ಟಿದ್ದಾನೆ ನೋಡು ಎಂದು ದಿನಕ್ಕೊಮ್ಮೆಯಾದರೂ ಅನ್ನುತ್ತಿದ್ದಳು.

ಸುಗ್ಗಿ ಮುಗಿಯಿತು. ಜೋಳವನ್ನು ಹಗೇವುಗಳಿಗೆ, ನೆಲದೊಳಗಿನ ಕಣಜಗಳಿಗೆ, ತುಂಬಿ ಬಾಯಿ ಮುಚ್ಚಿದ್ದೂ ಆಯಿತು. ಒಂದು ಮಧ್ಯಾಹ್ನ ದೂರದಲ್ಲಿ ಧೂಳು ಕಂಡಿತೆಂದು ಅಗಸಿ ಹಾಕಿದರು. ಇದು ಹೊಸದೇನಲ್ಲ. ಧೂಳು ಕಂಡಾಗಲೆಲ್ಲ ಅಗಸಿ ಹಾಕುತ್ತಿದ್ದರು, ಸುಲಿಗೆಗೆ ಬಂದವರು ಹೊರಗೆ ಕೂಗಾಡಿ ಹೋಗುತ್ತಿದ್ದರು. ಆ ಅಗಳಿ ಇರುವವರೆಗೆ ಆನೆ ತಂದರೂ ಬಾಗಿಲು ತೆರೆಯದು ಎಂಬ ಧೈರ್ಯ. ಈ ಸಲ ಬಂದವರು ಕೂಗಾಡಲಿಲ್ಲವಂತೆ. ಹೊರಗಿನಿಂದ ಒಬ್ಬ, ಮನೆಯ ಎತ್ತನ್ನು ಕರೆದ ಹಾಗೆ ಮೆಲ್ಲಗೆ ಕರೆದನಂತೆ. ಅಗಳಿ ತಾನೇ ಕೊಂಡಿಯೊಳಗಿನಿಂದ ಸರಿಯತೊಡಗಿತು. ಬಾಗಿಲ ಬಳಿ ನಾಲ್ಕಾರು ಗಂಡಸರಿದ್ದರು. ಗಂಟಿನ ಎರಡನೆಯದು ಬಂದು ಕೂತದ್ದು ಎಲ್ಲಿ ಎಂದು ನಮ್ಮವರಿಗೆ ಮಾತ್ರ ಕೂಡಲೇ ತಿಳಿಯಿತು. ಅವರು ಎರಡೂ ಕೈಗಳಿಂದ ಅಗಳಿಯನ್ನು ತಬ್ಬಿ ಹಿಡಿದರು, ಬಿಚ್ಚುಮನೆಯಲ್ಲಿ ಹಿಡಿಯುತ್ತಿದ್ದ ಹಾಗೆ. ಅದು ಅವರನ್ನು ಎಳೆದುಕೊಂಡೇ ಹೋಗಿ ಗೋಡೆಯ ಕಲ್ಲಿಗೆ ಹೊಡೆಯಿತು. ಕೈಗಳು ಕಲ್ಲಿಗೂ ಮರಕ್ಕೂ ನಡುವೆ ಸಿಕ್ಕಿದವು.

ಬಂದವರು ಯಾರನ್ನೂ ಹೊಡೆಯಲಿಲ್ಲ. ಹಗೇವುಗಳು ಎಲ್ಲೆಲ್ಲಿವೆ ಎಂಬುದು ಅವರಿಗೆ ಗೊತ್ತಿತ್ತು, ಯಾರನ್ನೂ ಕೇಳಲಿಲ್ಲ. ಜೋಳ ತುಂಬಿಕೊಂಡು, ಸಾವಕಾಶವಾಗಿ, ಗಾಡಿಗಳ ಹಿಂದೆ ಗಾಡಿ ಹೊಡೆದುಕೊಂಡು ಹೋದರು. ನಾನು ಆಗ ನಮ್ಮವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅಗಸಿಯ ಮಣ್ಣಿನಲ್ಲಿ ಕೂತಿದ್ದೆ. ಗಾಡಿಗಳು ನಮ್ಮನ್ನು ಬಳಸಿಕೊಂಡು ಹೋದವು.

ಆ ವರ್ಷ ಹೇಗೆ ಕಳೆಯಿತು ಎಂದು ವಿವರಿಸಲು ಹೋಗುವುದಿಲ್ಲ. ನುಚ್ಚಿನ ಅಂಬಲಿ ಕುಡಿದೆವು, ಗೊತ್ತಿರುವ ಸೊಪ್ಪು, ಗೊತ್ತಿಲ್ಲದ ಸೊಪ್ಪು ಎಲ್ಲ ತಿಂದೆವು. ನಮ್ಮವರ ಕೈಗಳು ಉಳಿದವು, ಆದರೆ ಬೆರಳು ಮಡಿಚಲು ಬರುತ್ತಿರಲಿಲ್ಲ. ಅಂಬಲಿಯನ್ನು ನಾನೇ ಕುಡಿಸುತ್ತಿದ್ದೆ. ಬೇರೆಯವರಿಗೆ ಬಿಚ್ಚುವ ಧೈರ್ಯ ಇರಲಿಲ್ಲ, ಹಾಗಾಗಿ ದಿಬ್ಬದ ಮೇಲಿನ ಗಂಟುಗಳು ಬಂದಲ್ಲೇ ಬಿದ್ದಿದ್ದವು. ಯಾರದೋ ಮಗಳು ಕಳಿಸಿದ ಔಷಧಿ ಅದರೊಳಗೇ ಇದೆ ಎಂದು ಗೊತ್ತಿದ್ದರೂ ಆ ಮನೆಯ ಮುದುಕಿ ಕೆಮ್ಮುತ್ತಲೇ ಸತ್ತಳು. ಬರಬರುತ್ತ ಗಾಡಿಗಳವರು ನಮ್ಮೂರ ದಾರಿಯನ್ನೇ ಬಿಟ್ಟರು. ಮಲ್ಲೇಶಿ ಯಾವ ಊರು ಸೇರಿದನೋ ತಿಳಿಯಲಿಲ್ಲ.

ಹಿರಿಯರು ಮತ್ತೆ ಸೇರಿದರು. ಜನ ಸಿಟ್ಟಿನಲ್ಲಿದ್ದರು. ಗೂಟ ಯಾವುದು, ಮಾಡ ಯಾವುದು ಎಂದು ಹೇಳಿದವನೇ ಅಗಸಿಯದ್ದನ್ನೂ ಹಗೇವಿನದ್ದನ್ನೂ ಹೇಳಿದ್ದಾನೆ, ಗದಿಗೆಪ್ಪ ಊರನ್ನು ಮಾರಿದ ಎಂದರು. ಕಾಶವ್ವ ಒಂದೇ ಮಾತು ಹೇಳಿದಳು, ತನ್ನ ಗಂಡನನ್ನು ಹೊಡೆದು ಕೇಳಿರಬೇಕು ಎಂದು. ಯಾರೂ ಒಪ್ಪಲಿಲ್ಲ. ನಿಜ ಯಾವುದೆಂದು ಇವತ್ತಿಗೂ ನಮಗೆ ಗೊತ್ತಿಲ್ಲ. ಆ ಗಂಟಿನಿಂದ ಬಂದದ್ದು ಒಂದು ಚಿಂದಿಯೂ ಊರೊಳಗೆ ಇರಬಾರದು, ಅವಳೇ ಹೊತ್ತು ಒಯ್ದು ಅವಳೇ ಸುಡಬೇಕು ಎಂದು ತೀರ್ಮಾನ ಆಯಿತು.

ಮರುದಿನ ಬೆಳಿಗ್ಗೆ ನಮ್ಮವರಿಗೆ ಅಂಬಲಿ ಕುಡಿಸುತ್ತಿದ್ದೆ. ಕಾಶವ್ವ ಗೋಡೆ ದಾಟದೆ, ಬೀದಿಯಿಂದ ಸುತ್ತಿಕೊಂಡು ಬಂದು ನಮ್ಮ ಬಾಗಿಲಲ್ಲಿ ನಿಂತಳು. ತಲೆಯ ಮೇಲೆ ಬುಟ್ಟಿ, ಕೈಯಲ್ಲಿ ಆ ಪಟ್ಟೆಯ ಅಂಗಿ. ನಮ್ಮವರು ಗೋಡೆಯ ಕಡೆ ತಿರುಗಿ ಮಲಗಿದರು. ಕೈ ಜಜ್ಜಿಹೋದ ದಿನದಿಂದ ಅವರು ಅವಳ ಜೊತೆ ಮಾತಾಡಿರಲಿಲ್ಲ.

"ಹೂವಕ್ಕಾ," ಎಂದಳು, "ಇದರಾಗ ತ್ಯಾಪಿ ಎಲ್ಲೈತಿ?"

ಯಾವ ತೇಪೆ ಎಂದು ನನಗೆ ತಿಳಿಯಲಿಲ್ಲ.

"ಹೆಗಲ ಮ್ಯಾಲೆ ಚೀಲ ತಿಕ್ಕಿ ಹರದಿತ್ತು. ನನ್ನ ಸೀರಿ ತುಂಡು ಹಚ್ಚಿ ಹೊಲದಿದ್ದೆ. ಇವತ್ತ ಬುಟ್ಟ್ಯಾಗ ಹಾಕೂವಾಗ ನೋಡಿದೆ. ಇಲ್ಲ."

ಅಂಗಿಯನ್ನು ತಿರುಗಿಸಿ ತೋರಿಸಿದಳು. ಹೆಗಲ ಮೇಲೆ ಹರಿದ ಗುರುತೂ ಇರಲಿಲ್ಲ. ಪಟ್ಟೆ ಅದೇ, ಅಳತೆ ಅದೇ. ಯಾರೋ ಹೇಳಿದ್ದನ್ನು ಕೇಳಿಕೊಂಡು ಮಾಡಿದ ಅಂಗಿ. ಅಷ್ಟು ವರ್ಷ ಗೂಟದಲ್ಲಿ ತೂಗಿದ್ದ ಅಂಗಿಯ ಜಾಗಕ್ಕೆ ಇದು ಬಂದು ಕೂತಿತ್ತು. ಚಪ್ಪಲಿಯ ಜಾಗಕ್ಕೆ ಚಪ್ಪಲಿ, ಕನ್ನಡಿಯ ಜಾಗಕ್ಕೆ ಕನ್ನಡಿ. ನಾವಿಬ್ಬರೂ ಕಣ್ಣಾರೆ ನೋಡಿ ಸಂತೋಷಪಟ್ಟಿದ್ದೆವು. ಅವನು ತೊಟ್ಟಿದ್ದು, ಮೆಟ್ಟಿದ್ದು, ಮುಖ ನೋಡಿಕೊಂಡಿದ್ದು ಎಲ್ಲ ಅದೇ ಗಳಿಗೆಯಲ್ಲಿ ಹೋಗಿಬಿಟ್ಟಿತ್ತು. ಈಗ ಬುಟ್ಟಿಯಲ್ಲಿದ್ದದ್ದು ಸುಟ್ಟರೆ ಆ ಮನೆಯಲ್ಲಿ ಗದಿಗೆಪ್ಪನದು ಎಂದು ಏನೂ ಉಳಿಯುವುದಿಲ್ಲ. ಇಟ್ಟುಕೊಂಡರೂ ಉಳಿಯುವುದಿಲ್ಲ.

ನನ್ನ ಕೈಯಲ್ಲಿ ಗಂಡನ ಅಂಬಲಿಯ ಬಟ್ಟಲಿತ್ತು. "ಆ ಅಂಗಿ ಇದು ಬಂದ ದಿನಾನ ಹೋತು ಕಾಶವ್ವಾ," ಎಂದು ಹೇಳಿ ಒಳಗೆ ತಿರುಗಿದೆ. ಇನ್ನೂ ಮೆತ್ತಗೆ ಹೇಳಬಹುದಿತ್ತು. ಆ ಹೊತ್ತಿಗೆ ನನ್ನ ಬಾಯಿಂದ ಬಂದದ್ದು ಅಷ್ಟು.

ಅವಳು ಒಬ್ಬಳೇ ದಿಬ್ಬ ಹತ್ತಿದಳು. ಹೊಗೆ ಎದ್ದದ್ದು ನಮ್ಮ ಹಿತ್ತಿಲಿಗೆ ಕಂಡಿತು. ತಿರುಗಿ ಬಂದವಳು ಬಾಗಿಲು ಹಾಕಿಕೊಂಡಳು. ಆಮೇಲೆ ಅವಳು ಊರವರ ಜೊತೆ ಬೆರೆಯುವುದು ಕಡಿಮೆಯಾಯಿತು. ಊರವರೂ ಬೆರೆಯಲಿಲ್ಲ. ಕೂದಲು ಕೆದರಿಕೊಂಡು ಹಿತ್ತಿಲಲ್ಲಿ ಕೂತಿರುವುದು ನನಗೆ ಕಾಣುತ್ತಿತ್ತು. ನಾನೂ ಮಾತಾಡಿಸುತ್ತಿರಲಿಲ್ಲ. ನಮ್ಮವರಿಗೆ ಅಂಗಿಯ ಗುಂಡಿ ಹಾಕುವಾಗ, ಮೂಗು ಒರೆಸುವಾಗ, ಅವಳ ಮೇಲೆ ಸಿಟ್ಟು ಹೊಸದಾಗಿ ಬರುತ್ತಿತ್ತು. ಅವರು ಮಾತ್ರ ಅವಳನ್ನು ಒಂದು ದಿನವೂ ಬೈಯಲಿಲ್ಲ. ಅವಳ ಹೆಸರೇ ಎತ್ತುತ್ತಿರಲಿಲ್ಲ.

ಮುಂದಿನ ಬೆಳೆ ಬಂತು. ಹೊಟ್ಟೆಗೆ ಸ್ವಲ್ಪ ಸಿಕ್ಕಿದ ಮೇಲೆ ಊರಿನ ಸಿಟ್ಟೂ ಇಳಿಯಿತು. ಒಂದು ಸಂಜೆ ನಾನು ಹಿತ್ತಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದಾಗ ಕಾಶವ್ವ ಗೋಡೆ ದಾಟಿ ಬಂದು ನನ್ನ ಪಕ್ಕ ಕೂತಳು. ತಾನೂ ಒಂದು ಹಿಡಿ ಕಾಯಿ ತೆಗೆದುಕೊಂಡು ಸುಲಿಯತೊಡಗಿದಳು. ಸಿಪ್ಪೆಯ ಗುಡ್ಡೆ ಬೆಳೆಯುತ್ತ ಹೋಯಿತು.

"ಹೂವಕ್ಕಾ, ಒಂದು ಕೇಳಲೇನು," ಎಂದಳು ಕಡೆಗೆ. "ಅವರು ಮನೀಗೆ ಬರೂವಾಗ ಹೊರಗ ನಿಂತು ಕೆಮ್ಮಿ ಒಳಗ ಬರತಿದ್ರು. ಹೆಂಗ ಕೆಮ್ಮತಿದ್ರು, ನಿನಗ ನೆನಪೈತೇನು? ನನಗ ಆಗವಲ್ದು."

ಎದ್ದು ಹೋಗು ಎನ್ನಬೇಕೆಂದಿದ್ದೆ. ಅವಳ ಮುಖ ನೋಡಿ ಮನಸ್ಸು ಬರಲಿಲ್ಲ. ನೆನಪು ಮಾಡಿಕೊಳ್ಳಲು ನೋಡಿದೆ. ಗೋಡೆಯಾಚೆಯಿಂದ ದಿನಾ ಸಂಜೆ ಕೇಳುತ್ತಿದ್ದ ಕೆಮ್ಮು. ಈ ಹೊತ್ತಿಗೇ ಬರುತ್ತಿತ್ತು. ನಾನು ಒಮ್ಮೆ ಕೆಮ್ಮಿ ತೋರಿಸಿದೆ. ಅವಳು ತಲೆಯಾಡಿಸಿದಳು, ಇದಲ್ಲ ಎಂದು. ಅವಳೂ ಕೆಮ್ಮಿದಳು. ಅದೂ ಆಗಿರಲಿಲ್ಲ, ಅವನದು ಎದೆಯಿಂದ ಬರುತ್ತಿತ್ತು ಎಂದೆ. ಇನ್ನೊಮ್ಮೆ ಕೆಮ್ಮಿದಳು. ಇಬ್ಬರು ಹೆಂಗಸರು ಮಡಿಲಲ್ಲಿ ಅವರೆಕಾಯಿ ಇಟ್ಟುಕೊಂಡು ಗಂಡಸಿನ ಹಾಗೆ ಕೆಮ್ಮುತ್ತ ಕೂತದ್ದನ್ನು ಯಾರಾದರೂ ನೋಡಿದ್ದರೆ ಏನೆನ್ನುತ್ತಿದ್ದರೋ. ಎಷ್ಟು ಮಾಡಿದರೂ ಅದು ಬರಲಿಲ್ಲ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಆಗ ಒಳಗಿನ ಕತ್ತಲೆಯಿಂದ, ನಮ್ಮವರ ಮಂಚದ ಕಡೆಯಿಂದ, ಕೆಮ್ಮು ಕೇಳಿಸಿತು. ಮೊದಲು ಗಂಟಲಲ್ಲಿ ಸಣ್ಣದಾಗಿ, ಸ್ವಲ್ಪ ತಡೆದು ಎದೆಯಿಂದ ಒಮ್ಮೆ ದೊಡ್ಡದಾಗಿ. ಗದಿಗೆಪ್ಪನದೇ ಕೆಮ್ಮು. ಕಾಶವ್ವ ಎದ್ದು ನಿಂತಳು. ಮಡಿಲಲ್ಲಿದ್ದ ಕಾಯಿಗಳು ನೆಲಕ್ಕೆ ಚೆಲ್ಲಿದವು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಬರುವವರಿಗೆ ದಾರಿ ಬಿಟ್ಟಂತೆ ಒಂದು ಪಕ್ಕಕ್ಕೆ ಸರಿದಳು.

ಹಾಗೇ ನಿಂತಿದ್ದಳು.

"ಇನ್ನೊಮ್ಮೆ ಕೆಮ್ಮರಿ, ದ್ಯಾಮಣ್ಣಾರ," ಎಂದಳು.

ಅವರು ಕೆಮ್ಮಿದರು.